ಹಂಡೆ ಕೊಟ್ಟು ತಂದ ಮಷಿನು

ನನ್ನ ಗಂಡನಿಗೆ ಹೊಸ ವಸ್ತು ಕಂಡರೆ ಹುಚ್ಚು. ಸಂಡೂರಿನ ಗಣಿಯ ದೊರೆ ಊರು ಬಿಟ್ಟು ವಿಲಾಯಿತಿಗೆ ಹೊರಟಾಗ ದೊರೆಸಾನಿ ಮನೆಯ ಸಾಮಾನನ್ನೆಲ್ಲ ಮಾರಿದಳು. ಬುದ್ಧಿ ಇದ್ದವರು ಕುರ್ಚಿ, ಪಿಂಗಾಣಿ ಕೊಂಡರು. ಇವರು ಕಸ ಹೀರುವ ಮಷಿನು ಹೊತ್ತು ತಂದರು. ಗಾಳಿ ಎಳೆಯುವ ತಿದಿ ಒತ್ತಲು ಒಬ್ಬರು, ದೂಳೆಳೆಯುವ ಕೊಳವೆ ಹಿಡಿಯಲು ಇನ್ನೊಬ್ಬರು ಬೇಕು. ಕಸಬರಿಗೆಗೆ ನಾನೊಬ್ಬಳೇ ಸಾಕಾಗಿದ್ದೆ.

ಅದಕ್ಕಾಗಿ ಹೊಸಪೇಟೆಯ ತಾಮ್ರದಂಗಡಿಗೆ ಹಾಕಿದ್ದು ನನ್ನ ಹಂಡೆ. ಅವ್ವ ಮದುವೆಯಲ್ಲಿ ಕೊಟ್ಟದ್ದು; ನಮ್ಮ ಬಚ್ಚಲಲ್ಲಿ ಇದ್ದದ್ದೂ ಅದೊಂದೇ. ನನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ನೆನೆದರೂ ಮೈ ಉರಿಯುತ್ತದೆ. ಇಷ್ಟಕ್ಕೂ ಆ ಮಷಿನು ಮಾಡಿದ ಘನಕಾರ್ಯವೆಂದರೆ ನಾನು ಸಾರಿಸಿದ ಸೆಗಣಿಯ ನೆಲವನ್ನು ಹಕ್ಕಳೆ ಎಬ್ಬಿಸಿದ್ದು.

ದೀಪಾವಳಿಗೆ ನೀರು ತುಂಬುವ ದಿನದವರೆಗೆ ಹಂಡೆ ಮಾರುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಅಷ್ಟರೊಳಗೆ ಮಷಿನು ಮಾರಿ ಹಂಡೆ ಬಿಡಿಸಬೇಕು. ಗಿರಾಕಿಯನ್ನು ನಾನೇ ಹುಡುಕಿದೆ. ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರು. ಅವರ ಮನೆಗೆ ಕಲ್ಲಿನ ನೆಲ, ಮೇಲೆ ಜಮಖಾನ. ಬಂಡಿ ಕಟ್ಟಿಕೊಂಡು ಬಂದರು, ನೋಡಿದರು, ಮೆಚ್ಚಿದರು. ಇನ್ನೇನು ಹೊರಗೆ ಒಯ್ಯಬೇಕು, ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು.

"ಕಸ ತಗಿಯೋದು ಅಂದ್ರ ಕಸಬರಿಗಿನ ಅಲ್ಲೇನು? ಮನಿ ಕಸಬರಿಗಿ ಯಾರಾರ ಮಾರ್ತಾರೇನು? ಅದರ ಹಿಂದ ಲಕ್ಷ್ಮಿ ಹೋಗ್ತಾಳ."

ಸಾಹುಕಾರರು ಮಷಿನಿನಿಂದ ಕೈ ತೆಗೆದರು. "ಇನ್ನೊಬ್ಬರ ಮನಿ ಕಸಬರಿಗಿ ನಮಗೂ ಬ್ಯಾಡ ಬಿಡ್ರಿ" ಎಂದು ಬಂಡಿ ತಿರುಗಿಸಿದರು. ದೊರೆಸಾನಿಯ ಕಸಬರಿಗೆ ನಮ್ಮ ಮನೆಯೊಳಗೆ ಬರುವಾಗ ಇದು ಯಾರಿಗೂ ಹೊಳೆದಿರಲಿಲ್ಲ. ನನ್ನ ಗಂಡ ಕಂಬ ನೋಡುತ್ತ ನಿಂತಿದ್ದರು.

"ನನ್ನ ಹಂಡೆ ಹೋಗುವಾಗ ಲಕ್ಷ್ಮಿ ಹೋಗ್ಲಿಲ್ಲೇನ್ರಿ, ಅತ್ತಿ?"

"ಅದು ನಿನ್ನ ತವರಿಂದು. ಅದರಾಗ ನಮ್ಮ ಮನಿ ಲಕ್ಷ್ಮಿ ಎಲ್ಲಿಂದ ಬರ್ತಾಳ?"

ಸುದ್ದಿ ಊರೆಲ್ಲ ಹಬ್ಬಿ ಮತ್ತೊಬ್ಬ ಗಿರಾಕಿ ಸಿಗಲಿಲ್ಲ. ಹಬ್ಬ ಬಂತು, ಹಂಡೆ ಯಾರದೋ ಪಾಲಾಯಿತು.

ನರಕ ಚತುರ್ದಶಿಯ ನಸುಕಿನಲ್ಲಿ ತಾಯಿ, ಮಗ ಇಬ್ಬರೂ ಮೈತುಂಬ ಎಣ್ಣೆ ಹಚ್ಚಿಕೊಂಡು ಕೂತರು. ಬಾವಿಯಿಂದ ಸೇದಿದ ತಣ್ಣೀರಿನ ಕೊಡ ಮುಂದಿಟ್ಟೆ.

"ಬಿಸಿನೀರು ಎಲ್ಲೈತಿ?" ಎಂದರು ಅತ್ತೆ.

"ಅದು ನನ್ನ ತವರಿಂದ್ರಿ. ಹೋತು."

ತಣ್ಣೀರಿಗೆ ಎಣ್ಣೆ ಇಳಿಯುತ್ತದೆಯೇ? ಸೀಗೆಪುಡಿ ತಿಕ್ಕಿ ತಿಕ್ಕಿ ಇಬ್ಬರೂ ನಡುಗಿದರು, ಜಿಡ್ಡು ಹಾಗೇ ಉಳಿಯಿತು. ನಾನು ಒಳಗೆ ಹೋಗಿ ಮಷಿನು ತಂದು ಗಂಡನ ಮಗ್ಗುಲಿಗೆ ಇಟ್ಟೆ.

"ಕೊಳವಿ ನೀವು ಹಿಡೀರಿ" ಎಂದೆ. "ತಿದಿ ನಾ ಒತ್ತತೀನಿ."