ಕಾಗೆಗೆ ಕೊಟ್ಟ ಮಾತು

ಕಾಗೆಯನ್ನು ಕರೆಯುವುದು ಎಷ್ಟು ಕಷ್ಟವೆಂಬುದು ಅದನ್ನು ಓಡಿಸಿ ರೂಢಿಯಾದವರಿಗೇ ಚೆನ್ನಾಗಿ ಗೊತ್ತು. ಶಿರಸಿಯ ನಮ್ಮ ಮನೆಯ ತಾರಸಿಯಲ್ಲಿ ಹಲಸಿನ ಹಪ್ಪಳ ಹರವಿದ ದಿನ ಸಕುಟುಂಬ ಸಪರಿವಾರವಾಗಿ ಆಗಮಿಸುವ ಈ ಕೃಷ್ಣವರ್ಣದ ಅತಿಥಿಗಳು, ತಿಥಿಯ ದಿನ ಮಾತ್ರ ಅತಿಥಿಗಳಾಗಲು ಒಲ್ಲರು. ‘ಡೋಂಟ್ ಫಿಜೆಟ್, ಗರ್ಲ್ಸ್’ ಎಂದು ಕಾನ್ವೆಂಟಿನ ಸಿಸ್ಟರುಗಳು ಬಾಲ್ಯದಲ್ಲಿ ನನಗೆ ಕಲಿಸಿದ ಸ್ಥಿತಪ್ರಜ್ಞತೆಯೆಲ್ಲ ಕಾಗೆಗಾಗಿ ಕಾಯುವ ಆ ಅರ್ಧ ಗಂಟೆಯಲ್ಲಿ ಕರಗಿಹೋಗುತ್ತದೆ.

ಮೊನ್ನೆ ನನ್ನ ಯಜಮಾನರ ತಿಥಿ. ಆ ದಿನದ ಚಡಪಡಿಕೆಗೆ ಕಾಗೆಯೊಂದೇ ಕಾರಣವಲ್ಲ. ಮೊಮ್ಮಗಳು ಅನಘ ಹಿಂದಿನ ಸಂಜೆಯಷ್ಟೇ ಕುಮಟೆಯಿಂದ ಘಟ್ಟ ಹತ್ತಿ ಬಂದಿದ್ದಳು. ಎಂ.ಎಸ್ಸಿ. ಓದುತ್ತಿರುವ ಅವಳಿಗೆ ಕಡಲಜೀವಿಗಳ ಅಧ್ಯಯನ ಮಾಡುವ ತಂಡವೊಂದರಲ್ಲಿ ಇಂಟರ್ನ್‌ಶಿಪ್. ದೋಣಿಯಲ್ಲಿ ನಿಂತು ಡಾಲ್ಫಿನ್ ಹುಡುಕುವುದು, ಸತ್ತು ದಡಕ್ಕೆ ಬಂದವನ್ನು ಪಶುವೈದ್ಯರು ಕೊಯ್ದು ಪರೀಕ್ಷಿಸುವಾಗ ನೆರವಾಗುವುದು. ಬಂದವಳು ಬಾಗಿಲಲ್ಲೇ ನಿಂತು, “ನಿನ್ನೆ ಒಂದು ಡಾಲ್ಫಿನ್ ಕೊಯ್ದ ಕೈ ಇದು, ನಾಳೆ ತಿಥಿ, ಒಳಗೆ ಬರ್ಲಕ್ಕಾ?” ಎಂದು ಪ್ರಾಮಾಣಿಕವಾಗಿ ಕೇಳಿಬಿಟ್ಟಳು. ಸುಮ್ಮನೆ ಒಳಗೆ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಹೆಣ ಕೊಯ್ಯಲೆ ಎಂ.ಎಸ್ಸಿ. ಬೇಕಾ? ಸಾಕು, ಇನ್ನು ಹೋಗದು ಬ್ಯಾಡ,” ಎಂದ ನನ್ನ ಮಗ. ಮರುದಿನ ಮಧ್ಯಾಹ್ನದ ಬಸ್ಸಿಗೇ ಅವಳು ಹಿಂದಿರುಗಬೇಕಿತ್ತು; ಅವನು ಬ್ಯಾಗನ್ನು ಎತ್ತಿ ಕಪಾಟಿನೊಳಗಿಟ್ಟ.

ಬೆಳಿಗ್ಗೆ ಭಟ್ಟರು ಬಂದೊಡನೆ ಮೈಲಿಗೆಯ ಪ್ರಶ್ನೆ ಅವರ ಮುಂದೆ ಹೋಯಿತು. ಅವರು ಶಾಸ್ತ್ರವನ್ನು ತೆರೆಯುವ ಬದಲು ಹುಡುಗಿಯನ್ನೇ ನೋಡಿದರು.

“ಮಿಂದಿದ್ಯನೇ ಕೂಸೆ?”

“ಎರಡು ಸಲ. ಡೆಟಾಲ್ ಹಾಕ್ಕಂಡು.”

“ಹಂಗಾರೆ ಆನು ಹೇಳದೆಂತ ಉಳೀತು? ಅಲ್ಲ, ಅದು ಮೀನಿನ ಜಾತಿಯೋ?”

“ಅಲ್ಲ ಭಟ್ರೇ. ನಮ್ಮ ಹಾಂಗೇ ಉಸಿರಾಡ್ತು, ಮರಿಗೆ ಹಾಲು ಕೊಡ್ತು.” ಮತ್ತೆ ಅವಳೇ, “ಇದರ ಎದೆಲ್ಲಿ ಹಾಲಿತ್ತು,” ಎಂದಳು.

ಭಟ್ಟರ ಕೈಯ ದರ್ಭೆ ಅಲ್ಲೇ ನಿಂತಿತು. ಅಡುಗೆಮನೆಯಿಂದ ಸೊಸೆ ಇಣುಕಿದಳು. ಹಾಗಾದರೆ ಎಲ್ಲೋ ಒಂದು ಮರಿಯಿದೆ. ಅದನ್ನು ಹುಡುಕಲು ನಾಳೆ ನಸುಕಿನಲ್ಲಿ ದೋಣಿ ಹೊರಡುತ್ತದೆ, ಅದಕ್ಕೇ ಅವಳಿಗೆ ಈ ಅವಸರ. ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಬೇರೆ ಗುಂಪಿನ ಜೊತೆ ಸೇರಿದ್ದಾ ಹೇಳಿ ನೋಡದು ಅಜ್ಜಿ, ಅಷ್ಟೇ,” ಎಂದಳು. ಅಷ್ಟೇ ಎಂಬ ಆ ಪದದ ಮೇಲೆ ನನಗೆ ಅಕಾರಣವಾಗಿ ಸಿಟ್ಟು ಬಂತು.

ಕಾರ್ಯ ಮುಗಿದು ತಾರಸಿಯಲ್ಲಿ ಕಾಗೆಗೆ ಎಡೆಯಿಟ್ಟೆವು. ಅದು ಮುಟ್ಟದೆ ಮನೆಯಲ್ಲಿ ಯಾರಿಗೂ ಊಟವಿಲ್ಲ. ಕಾಗೆಯ ಸುಳಿವಿಲ್ಲ, ಬಿಸಿಲು ಏರುತ್ತಿದೆ, ಅನಘ ಗಡಿಯಾರ ನೋಡುತ್ತಾಳೆ, ನನ್ನ ಮಗ ಅವಳು ಗಡಿಯಾರ ನೋಡುವುದನ್ನು ನೋಡುತ್ತಾನೆ. “ಯಜಮಾನರಿಗೆ ಎಂತೋ ಆಶೆ ಉಳಿದಿಕ್ಕು, ಮಾತು ಕೊಟ್ಟು ನೋಡಿ,” ಎಂದರು ಭಟ್ಟರು. ಹೋದವರ ಆಶೆ ತೀರಿಸುತ್ತೇವೆಂದು ಬಾಯಿಬಿಟ್ಟು ಹೇಳಿದರೆ ಕಾಗೆ ಇಳಿಯುತ್ತದೆಂಬುದು ನಮ್ಮಲ್ಲಿಯ ನಂಬಿಕೆ.

“ಅಪ್ಪಯ್ಯಾ, ತೋಟಕ್ಕೆ ಬೇಲಿ ಹಾಕಿಸ್ತೆ,” ಎಂದ ಮಗ. ಇಲ್ಲ. “ಮಾವಯ್ಯಾ, ಮುಂದಿನ ಸಲ ವಡೆಗೆ ಮೆಣಸು ಕಮ್ಮಿ ಹಾಕ್ತೆ,” ಎಂದಳು ಸೊಸೆ. ಊಹೂಂ. ನಾನು ಮನಸ್ಸಿನಲ್ಲೇ ‘ಪ್ಲೀಸ್, ಡಿಯರ್’ ಎಂದೆ. ಬದುಕಿದ್ದಾಗಲೂ ಇಂಗ್ಲಿಷಿಗೆ ಅವರು ಉತ್ತರಿಸಿದವರಲ್ಲ. ಹಸಿದ ಭಟ್ಟರು ಮಗನ ಮುಖವನ್ನೇ ದಿಟ್ಟಿಸಿದರು. ಅವನು ಕೆಮ್ಮಿ, ಆಕಾಶಕ್ಕೋ ನೆಲಕ್ಕೋ ಗೊತ್ತಾಗದಂತೆ, “ಕೂಸಿನ ವಾಪಸ್ ಕಳಿಸ್ತೆ,” ಎಂದ.

ಕಾಗೆ ಆಗಲೂ ಬರಲಿಲ್ಲ!

ಅನಘ ಪಿಸುಗುಟ್ಟಿದಳು: “ಅಪ್ಪಾ, ಅದು ಆಗಿಂದ ಇಲ್ಲೇ ಇದ್ದು. ಆಚೆಮನೆ ನೀರಿನ ಟ್ಯಾಂಕಿನ ಹಿಂದೆ. ನಾವೆಲ್ಲ ಹಿಂಗೆ ಮುತ್ತಿಗೆ ಹಾಕಿ ನಿಂತ್ರೆ ಎಂತಕ್ಕೆ ಬತ್ತು? ದೋಣಿಲ್ಲಿ ಆದ್ರೆ ನಾವು ಎಂಜಿನ್ ಆಫ್ ಮಾಡಿ ದೂರ ಸುಮ್ಮನೆ ಕೂತ್ಕತ್ಯ.” ನಾವು ಎಂಜಿನ್ ಆಫ್ ಮಾಡಿದೆವು; ಅಂದರೆ, ಭಟ್ಟರ ಸಮೇತ ಮೆಟ್ಟಿಲಿಳಿದು ಬಾಯಿ ಮುಚ್ಚಿ ನಿಂತೆವು. ಸ್ವಲ್ಪ ಹೊತ್ತಿಗೆ ಮೇಲೆ ಬಾಳೆಯೆಲೆ ಸರಪರ ಎಂದಿತು.

ಹಾಗಾದರೆ ಅದು ಇಳಿದದ್ದು ಮಾತಿಗಲ್ಲ ಎಂದು ಮಗ ವಾದಿಸಬಹುದಿತ್ತು. ಅವನು ಲಾ ಓದಿದವನು. ಆದರೆ ಊಟವಾದದ್ದೇ ಕಪಾಟಿನಿಂದ ಬ್ಯಾಗು ತೆಗೆದು, “ಮಾತು ಕೊಟ್ಟಿದ್ದು ಅಪ್ಪಯ್ಯಂಗೆ, ನಿಂಗಲ್ಲ, ತಿಳತ್ತಾ?” ಎಂದು ಗದರಿಸುತ್ತ ಸ್ಕೂಟರ್ ಹೊರಡಿಸಿದ. ಸೊಸೆ ಬ್ಯಾಗಿನಲ್ಲಿ ವಡೆ ತುರುಕಿದಳು, ದೋಣಿಯಲ್ಲಿರುವವರಿಗೆಲ್ಲ ಆಗುವಷ್ಟು.

ಮರುದಿನ ಇಡೀ ಬೆಳಿಗ್ಗೆ ಕೂತಲ್ಲಿ ಕೂರಲಾಗಲಿಲ್ಲ ನನಗೆ. ಮಗ ಎರಡು ಸಲ “ಫೋನ್ ಬಂತಾ?” ಎಂದು ಕೇಳಿ, ಕೇಳಿಲ್ಲವೆಂಬಂತೆ ಪೇಪರು ಓದಿದ. ಮಧ್ಯಾಹ್ನ ಅವಳ ಮೆಸೇಜು ಬಂತು: ‘ಗುಂಪು ಕಂಡತ್ತು, ಮರಿ ಕಂಡಿದ್ದಿಲ್ಲೆ. ನಾಳೆ ಮತ್ತೆ.’

ಮಗನಿಗೆ ಓದಿ ಹೇಳಿದೆ. “ನಾಳೆ ಮತ್ತೆ ಹೋಗ್ಲಿ,” ಎಂದನಾತ.

ನಾನು ತಾರಸಿ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಂತೆ. ಘಟ್ಟದ ನೀಲಿಯಾಚೆ ಕಡಲು ಇಲ್ಲಿಗೆ ಕಾಣುವುದಿಲ್ಲ, ಗೊತ್ತು. ಹೋದವರಿಗೆ ಕೊಡಲು ನಮ್ಮ ಬಳಿ ಎಷ್ಟೊಂದು ಮಾತುಗಳಿವೆ. ಇನ್ನೂ ಬದುಕಿರಬಹುದಾದ ಒಂದು ಮರಿಗೆ ಏನೆಂದು ಮಾತು ಕೊಡುವುದೋ ತೋಚದೆ, ಸದ್ದು ಮಾಡದೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.