ಆ ಮಾತು ಆಡಿದ್ದು ಯಾರು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದರೆ ಅವಳೇ ಯಾರನ್ನೋ ಎಂದು ಹಿಂದೆ ತಿರುಗಿ ನೋಡುತ್ತಿದ್ದಳೇನೋ. ಅಂಗಡಿ ಚಿಕ್ಕದು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ದಾರದ ಉಂಡೆಗಳ ಹಲಗೆ, ಉಳಿದ ಜಾಗವನ್ನೆಲ್ಲ ನುಂಗಿ ನಿಂತ ಕಟಿಂಗ್ ಟೇಬಲ್. ಅದು ಗಂಡನ ಕೈಕೆಲಸ. ಅವನೇನೂ ಬಡಗಿಯಲ್ಲ, ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಹೆಂಡತಿ ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸಿ ಸೊಂಟ ಹಿಡಿದುಕೊಳ್ಳುವುದನ್ನು ನೋಡಲಾರದೆ, ರಜೆಯ ದಿನಗಳಲ್ಲಿ ಹಲಗೆ ಕೂಡಿಸಿ ಮಾಡಿದ್ದ.

ಮಗಳ ಹಾಲುಹಲ್ಲು ಬೀಳುವ ಮೊದಲೇ ಬಾಯ್ಲರ್ ಸಿಡಿದು ಅವನು ತೀರಿಕೊಂಡ.

ಮಣ್ಣು ಮಾಡಿ ಬಂದ ಸಂಜೆ ಮನೆ ತುಂಬ ಜನ. ಗಂಡನ ಅಣ್ಣ, ಅಂದರೆ ಅವಳ ಬಾವ, ಚರ್ಚಿನ ಹಿರಿಯರಲ್ಲಿ ಒಬ್ಬರು. ಬೈಬಲಿನ ವಾಕ್ಯಗಳು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ತಮ್ಮ ಸಾಯುವ ಮುಂಚೆ ಒಂದೆರಡು ಭಾನುವಾರ ಚರ್ಚಿಗೆ ಬರದೆ ಓವರ್‌ಟೈಮ್ ಕೆಲಸಕ್ಕೆ ಹೋಗಿದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಎಲ್ಲರ ಮುಂದೆ ಅಂದರು: "ಇದು ನನ್ನ ಮಾತಲ್ಲಮ್ಮ, ದೇವರ ವಾಕ್ಯ. ತಪ್ಪಿಲ್ಲದವನು ಯಾವತ್ತಾದ್ರೂ ಹೀಗೆ ಹಾಳಾಗಿ ಹೋಗಿದ್ದುಂಟಾ? ಯೋಚನೆ ಮಾಡು."

ಬೇರೆ ಯಾರಾದರೂ ಅಂದಿದ್ದರೆ ಅವಳು ಎದ್ದು ಜಗಳಕ್ಕೆ ನಿಲ್ಲುತ್ತಿದ್ದಳು. ದೇವರೇ ಅಂದ ಮೇಲೆ ಯಾರ ಹತ್ತಿರ ತಕರಾರು ಮಾಡುವುದು? ಚರ್ಚಿಗೆ ಹೋಗುವುದನ್ನು ಅವಳು ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಿದ್ದಳು. ಬೈಬಲನ್ನು ಮಾತ್ರ ಮತ್ತೆ ತೆರೆಯಲಿಲ್ಲ.

ಮಗಳು ದೊಡ್ಡವಳಾಗಿ ಬೇಕರಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ನಿವೃತ್ತಿಯಾಗಿದ್ದ ಟೀಚರಮ್ಮ ಅಂಗಡಿಗೆ ಬಂದರು.

"ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತಲ್ಲ, ನಿನ್ನ ಟೇಬಲ್ ಸುತ್ತ ಕೂತು ನಾವು ನಾಲ್ಕು ಜನ ಬೈಬಲ್ ಓದ್ಕೊಳ್ಳೋಣ್ವಾ? ನಮ್ಮನೇಲಿ ಮೊಮ್ಮಕ್ಕಳ ದೊಂಬಿ, ಒಂದು ಸಾಲು ಕಿವಿಗೆ ಬೀಳಲ್ಲ."

"ಓದ್ಕೊಳಿ ಟೀಚರಮ್ಮ. ನಾನು ನನ್ನ ಪಾಡಿಗೆ ಗುಂಡಿಗೆ ಕಾಜಾ ಹೊಲ್ಕೊಂಡಿರ್ತೀನಿ."

ನಾಲ್ಕು ಜನ ಎಂದದ್ದು ಮಾತಿಗೆ. ಬಂದವರು ಟೀಚರಮ್ಮ, ಒಬ್ಬ ಬಸ್ ಡ್ರೈವರ್, ಆಸ್ಪತ್ರೆಯ ಒಬ್ಬ ನರ್ಸ್, ಅಷ್ಟೇ. ಡ್ರೈವರ್ ಓದುವುದೂ ಬಸ್ ಓಡಿಸಿದ ಹಾಗೆಯೇ. ಅರ್ಧ ಸಾಲು ಮುಗಿಯುವಷ್ಟರಲ್ಲಿ, "ಅಂದ್ರೆ ದೇವರು ಇಲ್ಲಿ ನಮಗೆ ಏನು ಹೇಳ್ತಿದ್ದಾನೆ ಅಂದ್ರೆ..." ಎಂದು ಶುರುಮಾಡಿಬಿಡುತ್ತಿದ್ದ.

"ಸ್ವಲ್ಪ ಬ್ರೇಕ್ ಹಾಕಪ್ಪ, ಸ್ಟಾಪಲ್ಲಿ ಜನ ನಿಂತಿದ್ದಾರೆ," ಎನ್ನುತ್ತಿದ್ದರು ಟೀಚರಮ್ಮ. "ನಮಗೆ ಹೇಳೋದು ಆಮೇಲೆ. ಇಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ? ಯಾಕೆ ಈ ಮಾತು ಬಂತು? ಇದಕ್ಕೆ ಮುಂಚೆ ಏನಾಗಿತ್ತು? ಮೊದಲು ಅದು ಹೇಳು."

ಮೂಲೆಯಲ್ಲಿ ಕೂತವಳ ಕಿವಿ ನಿಧಾನವಾಗಿ ಅತ್ತ ತಿರುಗಿತು. ಚರ್ಚಿನಲ್ಲಿ ಕೇಳಿ ಗೊತ್ತಿದ್ದದ್ದು ಬಿಡಿಬಿಡಿ ವಾಕ್ಯಗಳು. ಇಲ್ಲಿ ಅವಕ್ಕೆಲ್ಲ ಹಿಂದುಮುಂದು ಇತ್ತು, ಕೋಪತಾಪ ಇತ್ತು, ಮಾತಾಡುವವರಿಗೆ ಮುಖ ಇತ್ತು. ಒಂದು ಭಾನುವಾರ ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಸ್ಟೂಲ್ ಎಳೆದುಕೊಂಡಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ನರ್ಸ್ ತನ್ನ ಪುಸ್ತಕವನ್ನು ಇಬ್ಬರಿಗೂ ಕಾಣುವ ಹಾಗೆ ಸರಿಸಿದಳು.

ಬೈಬಲಿನ ಯೋಬನ ಪುಸ್ತಕ ಓದಬೇಕೆಂದವಳೂ ಆ ನರ್ಸೇ. "ನನಗೇ ಯಾಕೆ ಹೀಗಾಯ್ತು ಸಿಸ್ಟರ್ ಅಂತ ದಿನಾ ಯಾರಾದ್ರೂ ಕೇಳ್ತಾರೆ. ಏನು ಹೇಳೋದು ಅಂತಾನೇ ಗೊತ್ತಾಗಲ್ಲ," ಎಂದಳು. ಯೋಬ ಒಳ್ಳೆಯವನು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ. ಗೆಳೆಯರು ಬಂದರು, ದಿನಗಟ್ಟಲೆ ಬಾಯಿ ಬಿಡದೆ ಜೊತೆಗೆ ಕೂತರು. ಆಮೇಲೆ ಒಬ್ಬ ಮಾತಿಗೆ ಶುರುಮಾಡಿದ. ಅಲ್ಲಿಂದ ಓದುವ ಸರದಿ ಟೈಲರಕ್ಕನದು.

ಕೆಲವು ಸಾಲು ಓದಿದವಳು ತಟ್ಟನೆ ಓದು ನಿಲ್ಲಿಸಿದಳು. ಗಂಡನನ್ನು ಮಣ್ಣು ಮಾಡಿದ ಸಂಜೆ ಬಾವನ ಬಾಯಲ್ಲಿ ಕೇಳಿದ ಮಾತೇ ಕಣ್ಣೆದುರಿಗಿತ್ತು.

"ಟೀಚರಮ್ಮ, ಇದನ್ನ ಹೇಳ್ತಿರೋದು ಯಾರು?"

"ನೀನೇ ನೋಡು. ಬೆರಳಿಟ್ಟು ಮೇಲಕ್ಕೆ ಹೋಗು."

ಬೆರಳು ಅಧ್ಯಾಯದ ತಲೆಯವರೆಗೆ ಏರಿತು. "ಎಲೀಫಜ. ಯೋಬನ ಗೆಳೆಯ." ಅವಳ ದನಿ ಇಳಿಯಿತು. "ದೇವರಲ್ವಾ?"

"ಅಲ್ಲ. ಆದ್ರೆ ಈಗಲೇ ತೀರ್ಪು ಬೇಡ. ಕೊನೆ ತನಕ ಓದೋಣ. ಇವನ ಮಾತು ಏನಾಗುತ್ತೆ ನೋಡೋಣ."

ಅಂದೇ ಕೊನೆಯ ಪುಟ ತಿರುವಬಹುದಿತ್ತು. ಅವಳು ತಿರುವಲಿಲ್ಲ, ಆದರೆ ಭಾನುವಾರ ಬರುವುದನ್ನೇ ಕಾಯುತ್ತಿದ್ದಳು. ಗೆಳೆಯರ ಮಾತಿನಲ್ಲಿ ಚೆನ್ನಾದ ಸಾಲುಗಳೂ ಸಿಕ್ಕವು. "ಇವನು ಹೇಳೋದ್ರಲ್ಲಿ ಎಷ್ಟೋ ಸರಿಯಾಗೇ ಇದೆಯಲ್ಲ?" ಎಂದು ಡ್ರೈವರ್ ತಲೆ ಕೆರೆದುಕೊಂಡ.

"ಅದೇ ಕಷ್ಟ," ಎಂದರು ಟೀಚರಮ್ಮ. "ಮಾತು ಚೆನ್ನಾಗಿರಬಹುದು. ಹೇಳಿದ್ದು ಯಾರಿಗೆ? ಯೋಬ ತಪ್ಪಿಲ್ಲದವನು ಅಂತ ಮೊದಲ ಸಾಲಲ್ಲೇ ನಮಗೆ ಹೇಳಿಬಿಟ್ಟಿದ್ದಾರೆ. ಇವರಿಗೆ ಅದು ಗೊತ್ತಿಲ್ಲ, ಗೊತ್ತಿದೆ ಅಂದ್ಕೊಂಡಿದ್ದಾರೆ."

ಕೊನೆಯ ಅಧ್ಯಾಯದಲ್ಲಿ ದೇವರು ಅದೇ ಎಲೀಫಜನ ಮೇಲೆ ಸಿಟ್ಟಾಗುತ್ತಾನೆ: ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ. ಓದಿದವಳು ನರ್ಸ್. ಟೈಲರಕ್ಕ ಎದ್ದು ಹಿಂದಿನ ನಲ್ಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಮನೆಯಲ್ಲಿ ಮಗಳು ಕೇಳಿ ಕೆಂಡವಾದಳು. "ದೊಡ್ಡಪ್ಪನ ಮನೆಗೆ ಹೋಗಿ ಓದಿ ಬಾ ಅಮ್ಮ, ಮುಖಕ್ಕೆ ಹೊಡೆದ ಹಾಗೆ!" ಟೈಲರಕ್ಕನಿಗೂ ಅದೇ ಆಸೆ. ಮುಂದಿನ ಭಾನುವಾರ ಟೀಚರಮ್ಮನಿಗೆ ಹೇಳಿದಾಗ ಅವರು ಬೇಡವೆನ್ನಲಿಲ್ಲ. "ಹೋಗು. ಆದ್ರೆ ಕೊನೇಲಿ ಇನ್ನೂ ಸ್ವಲ್ಪ ಇದೆ, ಬಿಡದೆ ಓದು. ಆ ಗೆಳೆಯರಿಗೋಸ್ಕರ ಯೋಬ ಪ್ರಾರ್ಥನೆ ಮಾಡ್ತಾನೆ."

"ಅಂದ್ರೆ ನಾನು ಕ್ಷಮಿಸಬೇಕು ಅಂತ ಪಾಠ ಹೇಳ್ತಿದ್ದೀರಾ?" ಅವಳಿಗೆ ರೇಗಿತು.

"ಇಲ್ಲಮ್ಮ. ಅಲ್ಲಿರೋದು ಹೇಳ್ತಿದ್ದೀನಿ. ನಿಮ್ಮದು ತಪ್ಪು ಅಂತ ದೇವರು ಅವರಿಗೆ ಹೇಳಿದ್ದು ಮೊದಲು. ಪ್ರಾರ್ಥನೆ ಆಮೇಲೆ. ಆ ಹಿಂದುಮುಂದನ್ನೂ ನೋಡ್ಕೋ."

ಒಂದು ಬೆಳಿಗ್ಗೆ ಅಂಗಡಿ ತೆರೆಯದೆ ಬಾವನ ಮನೆಗೆ ಹೋದಳು. ಅವರು ಈಗ ಮಂಡಿನೋವಿನಿಂದ ಕುರ್ಚಿ ಹಿಡಿದಿದ್ದರು. ಓರಗಿತ್ತಿ ನೀರು ತಂದಿಟ್ಟು ಒಳಗೆ ಹೋದಳು.

"ಬಾವ, ಎರಡು ಅಧ್ಯಾಯ ನಿಮ್ಮ ಜೊತೆ ಓದ್ಬೇಕು."

ಅವರಿಗೆ ಖುಷಿಯಾಯಿತು. ಕನ್ನಡಕ ಹಾಕಿ ತಾವೇ ದನಿಯೆತ್ತಿ ಓದಿದರು. ಆ ಸಾಲು ಬಂದಾಗ ಓದು ತಡವರಿಸಿತು. ಆಮೇಲೆ ಅವಳು ಕೊನೆಯ ಅಧ್ಯಾಯ ತೆರೆದುಕೊಟ್ಟಳು. ಅದನ್ನು ಅವರು ಮನಸ್ಸಿನಲ್ಲೇ ಓದಿಕೊಂಡರು.

"ಅವತ್ತು ನಾನು ಹೇಳಿದ್ದು..."

"ಹೌದು ಬಾವ."

"ಎಷ್ಟು ಸಲ ಓದಿದ್ದೀನಿ ಇದನ್ನ. ಯಾರ ಮಾತು ಅಂತ ನೋಡಿರ್ಲಿಲ್ಲ." ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನನಗೆ ಭಯ ಆಗಿತ್ತಮ್ಮ. ಅವನು ಕಾರಣವಿಲ್ಲದೆ ಹೋದ ಅಂದ್ರೆ ನಾಳೆ ನನ್ನ ಮಕ್ಕಳೂ ಹೋಗ್ಬಹುದಲ್ಲ. ಒಂದು ಕಾರಣ ಬೇಕಿತ್ತು, ಅವನ ತಲೆಗೆ ಕಟ್ಟಿದೆ."

ಮನಸ್ಸಿನಲ್ಲೇ ಹೊಡೆಯಲು ಎತ್ತಿದ್ದ ಕೈ ಅವಳಿಗೇ ಗೊತ್ತಾಗದೆ ಇಳಿದುಹೋಯಿತು. ಹಾಗೆಂದು ಕ್ಷಮಿಸಿದೆ ಎಂಬ ಮಾತೂ ಬರಲಿಲ್ಲ. ಬಲವಂತವಾಗಿ ತರಿಸಿಕೊಳ್ಳಲೂ ಇಲ್ಲ. "ಅವರು ಒಳ್ಳೆಯವರಾಗಿದ್ರು ಬಾವ," ಎಂದಳು.

"ಒಳ್ಳೆಯವನೇ. ಜನರ ಮುಂದೆ ಅಂದಿದ್ದೆ, ಜನರ ಮುಂದೇನೇ ತಪ್ಪು ಅಂತೀನಿ."

ಹಾಗೇ ಮಾಡಿದರು. ಆ ಭಾನುವಾರ ಆರಾಧನೆ ಮುಗಿದ ಮೇಲೆ ಕೋಲೂರಿ ಎದ್ದು ನಿಂತು, ತೊದಲುತ್ತ, ತಮ್ಮನ ಹೆಸರು ಹೇಳಿದರು. ಮಗಳು ಅಮ್ಮನ ಕೈ ಹಿಡಿದುಕೊಂಡಳು.

ಅದಾಗಿ ಎಷ್ಟೋ ದಿನಗಳ ಮೇಲೆ, ಯಾರದೋ ಪ್ಯಾಂಟಿನ ಕಾಲಂಚಿಗೆ ಹೆಮ್ಮಿಂಗ್ ಹಾಕುತ್ತಿದ್ದಾಗ, ಬಾವ ಚರ್ಚಿನ ಮೆಟ್ಟಿಲು ಹತ್ತಲು ಪಡುವ ಪಾಡು ಟೈಲರಕ್ಕನಿಗೆ ನೆನಪಾಯಿತು. ದೇವರೇ, ಅವರ ನೋವು ಕಡಿಮೆ ಮಾಡಪ್ಪ ಎಂದು ಬಾಯಿಂದ ಬಂದೇಬಿಟ್ಟಿತು. ತನ್ನ ದನಿ ಕೇಳಿ ತಾನೇ ಬೆರಗಾದಳು. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ ನಿಂತಿದ್ದರು. ಅಳತೆ ತೆಗೆದುಕೊಳ್ಳಲು ಎದ್ದಳು.