ಆಲದ ಮರದಲ್ಲಿ ಟೀ ಮಾಸು

ಗೆಟ್ಟವಾಡಿಯಿಂದ ತಾಳವಾಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೂತಿದ್ದೇನೆ. ಕಾಲ ಬಳಿ ಬಟ್ಟೆಯ ಚೀಲ, ಅದರೊಳಗೆ ನಮ್ಮ ಸೋದರತ್ತೆ ಕೊಟ್ಟು ಕಳಿಸಿದ ಸ್ಟೀಲ್ ಡಬ್ಬಿ. ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿದ್ದೇ ತಡ, ಡಬ್ಬಿ ‘ಸುಸ್ಸ್’ ಎಂದು ಉಸಿರು ಬಿಟ್ಟಿತು. ಹುಳಿ ಘಾಟು ಎರಡು ಸೀಟು ದಾಟಿ ಹೋಯಿತು. ಕಂಡಕ್ಟರು ಟಿಕೆಟ್ ಕೊಡುವುದನ್ನು ನಿಲ್ಲಿಸಿ, “ಯಾರ್ದಪ್ಪ ಇದು, ಬೆಳ್‌ಬೆಳಿಗ್ಗೇನೇ?” ಎಂದ. ಬಸ್ಸಿನಲ್ಲಿ ನಮ್ಮ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು ನಾಲ್ಕಾರು ಮಂದಿ ಇದ್ದಾರೆ. ನಾನು ಕಿಟಕಿಯ ಕಡೆ ತಿರುಗಿ ರಾಗಿ ಹೊಲವನ್ನು ಬಹಳ ಆಸಕ್ತಿಯಿಂದ ನೋಡಿದೆ. ಅವನು ಹಿಂದಿನ ಸೀಟಿನಿಂದ ವಿಚಾರಣೆ ಶುರುಮಾಡಿದ್ದಾನೆ. ನನ್ನ ಹತ್ತಿರ ಬರುವಷ್ಟರಲ್ಲಿ ಈ ವಾಸನೆಯ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ಡಬ್ಬಿಯಲ್ಲಿರುವುದಕ್ಕೆ ಕೊಂಬುಚಾ ಎಂದು ಹೆಸರು. ಹಾಲಿಲ್ಲದ ಟೀಗೆ ಸಕ್ಕರೆ ಹಾಕಿ, ಆರಿಸಿ, ಅದರಲ್ಲಿ ಹೆಪ್ಪಿನಂಥ ಒಂದು ಬಿಲ್ಲೆಯನ್ನೂ ಹಳೆಯ ಹುಳಿ ಟೀಯನ್ನೂ ಬಿಟ್ಟು, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಒಂದು ವಾರ ಹತ್ತು ದಿನ ಸುಮ್ಮನಿರಬೇಕು. ಸುಮ್ಮನಿರುವುದೇ ಇದರಲ್ಲಿ ದೊಡ್ಡ ಕೆಲಸವಾದ್ದರಿಂದ ನನಗೆ ಹೇಳಿಮಾಡಿಸಿದ್ದು ಅನ್ನಿಸಿತ್ತು. ಆಗ ನಾನು ಅತ್ತೆಯ ಮನೆಯಲ್ಲಿದ್ದುಕೊಂಡು ತಾಳವಾಡಿಯ ಶಾಲೆಗೆ ಪಾಠ ಮಾಡಲು ಹೋಗಿಬರುತ್ತಿದ್ದೆ. ಹೊಟ್ಟೆಯಲ್ಲಿ ಸದಾ ವಾಯು. ಹಾಸನೂರಿನ ಕಡೆ ರೆಸಾರ್ಟೊಂದರಲ್ಲಿ ಅಡುಗೆ ಮಾಡುವ ನನ್ನ ಹಳೆಯ ಗೆಳೆಯ, ಇದನ್ನು ಕುಡಿದರೆ ಕರುಳು ತೊಳೆದಿಟ್ಟ ಪಾತ್ರೆಯಾಗುತ್ತದೆ ಎಂದು ನಂಬಿಸಿ, ಬಿಲ್ಲೆಯೊಂದನ್ನು ಕೊಟ್ಟ.

ಬಿಲ್ಲೆ ಎಂದೆನಲ್ಲ, ನೀವು ನಾಣ್ಯವನ್ನು ನೆನೆಸಿಕೊಳ್ಳಬೇಡಿ. ರೊಟ್ಟಿಯಷ್ಟು ಅಗಲ, ಬೆರಳಷ್ಟು ದಪ್ಪ, ಕಂದು ಬಣ್ಣ, ಕೈಗೆ ಲೋಳೆ ಲೋಳೆ. ಅತ್ತೆ ಜಾಡಿಯೊಳಗೆ ಬಗ್ಗಿ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಏನ್ಲಾ ಇದು, ಎಮ್ಮ ಮಾಸು ಇದ್ದಂಗದ!”

ಕರು ಹುಟ್ಟಿದ ಮೇಲೆ ಬೀಳುತ್ತದಲ್ಲ, ಆ ಮಾಸು. ನಾನು ಮೇಷ್ಟ್ರು ನೋಡಿ, ಸುಮ್ಮನಿರಲಾಗಲಿಲ್ಲ. ಇದರಲ್ಲಿ ಕೋಟಿ ಕೋಟಿ ಜೀವಾಣುಗಳಿವೆ, ಇದು ಜೀವಂತ ವಸ್ತು, ತಾಯಿ ಇದ್ದ ಹಾಗೆ ಎಂದೆಲ್ಲ ಅರ್ಧ ಗಂಟೆ ಪಾಠ ಮಾಡಿದೆ. ಹುಳಿ ಬರುವಾಗ ಒಂದು ಚೂರು ಮತ್ತಿನ ಅಂಶವೂ ಹುಟ್ಟುತ್ತದೆ ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟೆ. ಅತ್ತೆ ಎಲ್ಲ ಕೇಳಿ ಒಂದೇ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡಳು: ಅದಕ್ಕೆ ಜೀವ ಇದೆ. ಮಾರನೆಯ ಬೆಳಿಗ್ಗೆ ನೋಡಿದರೆ ಜಾಡಿಯ ಹಣೆಗೆ ಮೂರು ಬೆರಳ ವಿಭೂತಿ.

ನಮ್ಮ ಅತ್ತೆ ಶಿವಮಲ್ಲಮ್ಮ ಯಾರು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವಳು, ಪೂಜೆ ಮುಗಿಯದೆ ಬಾಯಿಗೆ ನೀರು ಬಿಡದವಳು. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿದ್ದ ಬ್ರಾಂದಿ ಅಂಗಡಿಯ ಮುಂದೆ ಊರ ಹೆಂಗಸರನ್ನೆಲ್ಲ ಕೂರಿಸಿ, ರಸ್ತೆಯಲ್ಲೇ ಒಲೆ ಹೂಡಿ ಮುದ್ದೆ ತೊಳಸಿ, ಅಂಗಡಿಗೆ ಬೀಗ ಹಾಕಿಸಿದವಳು. ಆ ಬೀಗ ಮತ್ತೆ ತೆಗೆಯುತ್ತಾರಂತೆ ಎಂಬ ಸುದ್ದಿ ಆಗ ಹಬ್ಬಿತ್ತು. ಬರುವ ಸೋಮವಾರ ಅತ್ತೆಯನ್ನು ಮುಂದಿಟ್ಟುಕೊಂಡು ತಾಲೂಕು ಆಫೀಸಿಗೆ ಹೋಗಿ ‘ಮನು’ ಕೊಡುವುದೆಂದು, ಅಂದರೆ ಅರ್ಜಿ ಕೊಡುವುದೆಂದು, ಹೆಂಗಸರೆಲ್ಲ ಮಾತಾಡಿಕೊಂಡಿದ್ದರು.

ಆ ಮಾತುಕತೆ ನಡೆದದ್ದು ನಮ್ಮ ಜಗಲಿಯ ಮೇಲೆ. ಸಾರಾಯಿ ಮನೆ ಹಾಳುಮಾಡುತ್ತದೆ ಎಂದು ಅತ್ತೆ ಹೇಳುತ್ತಿದ್ದಾಗಲೇ, ಅಡುಗೆ ಮನೆಯಲ್ಲಿ ನಾನು ಹುಳಿ ಬಂದ ಟೀ ತುಂಬಿ ಬಿರಡೆ ಬಿಗಿದಿಟ್ಟಿದ್ದ ಗಾಜಿನ ಸೀಸೆಯೊಂದು ಢಮ್ಮೆಂದು ಸಿಡಿಯಿತು. ಹಿಂದೆಯೇ ವಾಸನೆ ಹೊರಗೆ ಬಂದು ಎಲ್ಲರನ್ನೂ ಮಾತಾಡಿಸಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಲೆ ಮೇಲೆ ಅನ್ನ ಇಟ್ಟು ಬಂದಿದ್ದೇವೆಂದು ಎದ್ದು ಹೋದರು. ಅಷ್ಟು ಮನೆಗಳಲ್ಲಿ ಒಟ್ಟಿಗೆ ಅನ್ನ ಬೇಯುವ ಹೊತ್ತಲ್ಲ ಅದು. ಸಂಜೆಗೆ ಊರೆಲ್ಲ ಗುಸುಗುಸು.

“ನನ್ನ ಯೆಸ್ರು ಕೆಡುಸ್ಬುಟ್ಟಲ್ಲೋ ಮಗಾ,” ಎಂದಳು ಅತ್ತೆ. ಕೂಗಾಡಿದ್ದರೆ ಎದುರು ಮಾತಾಡಬಹುದಿತ್ತು. ಮೆಲ್ಲಗೆ ಹೇಳಿದಳು.

“ಬಿಸಾಕಿಬಿಡ್ತೀನಿ ಅತ್ತೆ.”

“ಜೀವ ಅದ ಅಂದಲ್ಲ. ಜೀವ ಇರದ್ನ ತಿಪ್ಪಗ ಎಸುದ್ರ ಸಿವ ಮೆಚ್ಚನಾ?”

ಮಾಸನ್ನು ನಾಯಿ ಮುಟ್ಟಬಾರದು, ಹುಲ್ಲಲ್ಲಿ ಸುತ್ತಿ ಹಾಲು ಬರುವ ಮರಕ್ಕೆ ಕಟ್ಟಬೇಕು, ಆಗ ಹಸುವಿನ ಹಾಲು ಬತ್ತುವುದಿಲ್ಲ ಎಂಬುದು ನಮ್ಮ ಕಡೆಯ ನಡವಳಿಕೆ. ಮಾಸಿನ ಹಾಗಿದ್ದದ್ದಕ್ಕೆ ಮಾಸಿನ ಮರ್ಯಾದೆಯೇ ಸರಿ ಎಂದು ಅತ್ತೆ ತೀರ್ಮಾನಿಸಿದಳು. ಬೆಳಗಿನ ಜಾವ ಬಿಲ್ಲೆಯನ್ನು ಹುಲ್ಲಲ್ಲಿ ಸುತ್ತಿ, ಗೋಣಿ ಚೂರಿನಲ್ಲಿ ಕಟ್ಟಿ, ಕೆರೆ ದಾರಿಯ ಆಲದ ಬಿಳಲಿಗೆ ನೇತುಹಾಕಿ, ಕೈ ಮುಗಿದು ಬಂದಳು. ಜಾಡಿಯಲ್ಲಿ ಉಳಿದ ಟೀಯನ್ನು ಮಾತ್ರ, ಅಷ್ಟು ಸಕ್ಕರೆ ಹಾಳಾಗುತ್ತಲ್ಲ ಎಂದು, ಚೆಲ್ಲಲಿಲ್ಲ.

ಇದನ್ನು ಯಾರೂ ನೋಡಲಿಲ್ಲ ಎಂದು ಅವಳ ನಂಬಿಕೆ. ಏಳು ಗಂಟೆಗೆ ಪಕ್ಕದ ಮನೆಯ ಮಾದೇವಿ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಇನ್ನೂ ಏಳೆಂಟು ಚೊಂಬು.

“ಅಕ್ಕೋ, ನೀ ಮಾಸು ಕಟ್ದದ್ನ ನಾ ನೋಡ್ದಿ. ಗುಟ್ಟಾಗಿ ಅಸ ತಂದು ಮಡಿಕಂಡಿದಯ? ಒಸಿ ಗಿಣ್ಣಾಲು ಕೊಡಕ್ಕ.”

ಕರು ಹಾಕಿದ ಮನೆಯವರು ಗಿಣ್ಣು ಹಾಲನ್ನು ಹಂಚದೆ ತಾವೇ ಕುಡಿದರೆ ಊರು ಅವರನ್ನು ಬಹಳ ದಿನ ಆಡಿಕೊಳ್ಳುತ್ತದೆ. ಮಾದೇವಿ ಕೊಟ್ಟಿಗೆಗೆ ಹೋಗಿ ನೋಡಿದಳು. ಅಲ್ಲಿದ್ದದ್ದು ಜೋಡಿ ಎತ್ತು, ಎರಡೂ ಮೆಲುಕು ಹಾಕುತ್ತ ಅವಳನ್ನೇ ನೋಡಿದವು.

“ಇವೆರಡ್ರಲ್ಲಿ ಯಾವ್ದಕ್ಕ ಕರ ಆಕಿರದು?”

ಯಾರೋ ಕಿಸಕ್ಕೆಂದರು. ಇನ್ಯಾರೋ, “ಹಂಗಾರ ನೆನ್ನ ಒಡದದ್ದೇನು? ಆ ನಾತ ಏನು?” ಎಂದರು. ನಗು ನಿಂತಿತು. ಒಬ್ಬಳು ಸೀದಾ ಕೇಳಿದಳು, “ಮನ್ಲಿ ಏನೋ ಕೊಳಸ್ತಾ ಅವ್ರಂತ. ಯಾರಕ್ಕ ಮಾಡದು?”

ನಾನು ಬಾಗಿಲ ಹಿಂದೆಯೇ ಇದ್ದೆ. ಒಂದು ಹೆಜ್ಜೆ ಮುಂದೆ ಬಂದು ‘ನಾನು’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಮನೆಯಲ್ಲಿ ಸಾರಾಯಿ ಮಾಡುತ್ತಾನೆ ಎಂಬ ಮಾತು ಹೆಡ್‌ಮಾಸ್ಟರ ಕಿವಿಗೆ ಬಿದ್ದರೆ? ಬಾಗಿಲ ಹಿಂದೆಯೇ ಉಳಿದೆ. ಈಗಲೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

“ನಾನೇ ಮಾಡ್ದುದು,” ಎಂದಳು ಅತ್ತೆ.

ಒಳಗೆ ಬಂದವಳು ನನ್ನ ಕಡೆ ನೋಡಲೂ ಇಲ್ಲ. ಜಾಡಿಯಿಂದ ದೊಡ್ಡ ಲೋಟದ ತುಂಬ ಬಗ್ಗಿಸಿಕೊಂಡು ಹೊರಗೆ ಹೋಗಿ, ಅಷ್ಟೂ ಹೆಂಗಸರ ಮುಂದೆ ಗಟಗಟ ಕುಡಿದಳು. ಅದುವರೆಗೆ ಅವಳು ಅದನ್ನು ನಾಲಿಗೆಗೆ ಮುಟ್ಟಿಸಿರಲಿಲ್ಲ. ಆಮೇಲೆ ಬೀದಿ ನಲ್ಲಿಗೆ ಹೋಗಿ ಎರಡು ಕೊಡ ತುಂಬಿಸಿ, ತಲೆಯ ಮೇಲೊಂದು, ಸೊಂಟದಲ್ಲೊಂದು ಇಟ್ಟುಕೊಂಡಳು. “ಕುಡುದೋಳು ಇಂಗ ನಡದಾಳಾ, ನೋಡ್ಕಳ್ರಮ್ಮಿ,” ಎಂದು ಕಲ್ಲುಮುಳ್ಳಿನ ಬೀದಿಯಲ್ಲಿ ನಮ್ಮ ಬಾಗಿಲ ತನಕ ನಡೆದುಬಂದಳು. ಒಂದು ತೊಟ್ಟು ತುಳುಕಲಿಲ್ಲ. ಹೆಂಗಸರು ಉಸಿರು ಬಿಗಿಹಿಡಿದು ಎರಡು ಬದಿಯಲ್ಲಿ ನಿಂತಿದ್ದರು. ಹೊಸ್ತಿಲ ಬಳಿ ಕೊಡ ಇಳಿಸಿ ಸೊಂಟ ನೆಟ್ಟಗೆ ಮಾಡಿದ್ದೇ, ಅವಳ ಬಾಯಿಂದ ಒಂದು ತೇಗು ಬಂತು. ಎಂಥ ತೇಗು! ಕೊಟ್ಟಿಗೆಯ ಎತ್ತುಗಳು ಮೆಲುಕು ನಿಲ್ಲಿಸಿದವು.

“ಅಯ್ಯೋ ಸಿವ್ನೇ, ಎಷ್ಟ್ ವರ್ಸದ್ದು ಕುಂತಿತ್ತೋ!” ಎಂದು ಅತ್ತೆ ಎದೆ ಸವರಿಕೊಂಡಳು.

ಮಾದೇವಿ ಚೊಂಬು ಮುಂದೆ ಹಿಡಿದಳು. “ನಂಗೂ ವಾಯು ಅದ ಕಣಕ್ಕ. ಗಿಣ್ಣು ಇಲ್ದಿದ್ರ ಓಗ್ಲಿ, ಇದ್ನೇ ಒಸಿ ಉಯ್ಯಿ.”

ಸೋಮವಾರ ತಾಲೂಕು ಆಫೀಸಿಗೆ ಎರಡು ಗಾಡಿ ಹೆಂಗಸರು ಹೋದರು. ಎಲ್ಲರ ಮುಂದೆ ಅತ್ತೆಯೇ ನಡೆದಳು. ಬೀಗ ಇವತ್ತಿಗೂ ಬಿದ್ದೇ ಇದೆ.

ಮರಕ್ಕೆ ಕಟ್ಟಿದ ಬಿಲ್ಲೆ ಅಲ್ಲೇ ಒಣಗಿತು. ಜಾಡಿಯಲ್ಲಿ ಉಳಿದ ಟೀಗೆ ಮತ್ತೆ ಸಿಹಿ ಟೀ ಹೊಯ್ದರೆ ಕೆಲವೇ ದಿನದಲ್ಲಿ ತೆಳ್ಳಗೆ ಕೆನೆ ಕಟ್ಟಿ ಹೊಸದೊಂದು ಹುಟ್ಟಿತು. ಈಗ ಆ ಊರಿನ ಎಷ್ಟೋ ಮನೆಯಲ್ಲಿ ಅದರ ಮಕ್ಕಳಿವೆ. ಮೊಸರಿನ ಹೆಪ್ಪಿನ ಹಾಗೆ ದೀಪ ಹಚ್ಚಿದ ಮೇಲೆ ಯಾರೂ ಅದನ್ನು ಹೊರಗೆ ಕೊಡುವುದಿಲ್ಲ. ನಾನು ತಾಳವಾಡಿಯಲ್ಲಿ ಬೇರೆ ಮನೆ ಮಾಡಿದ ಮೇಲೆ ನನ್ನ ಬಿಲ್ಲೆಗೆ ಎರಡು ಸಲ ಬೂಷ್ಟು ಹಿಡಿಯಿತು. ಜೀವಾಣುಗಳ ಪಾಠ ನನಗೆ ಬಾಯಿಪಾಠ, ಬಿಲ್ಲೆ ಉಳಿಯುವುದು ಅತ್ತೆಯ ಕೈಯಲ್ಲಿ. ಇವತ್ತೂ ಡಬ್ಬಿ ತುಂಬಿ ಕೊಡುವಾಗ, “ಮುಚ್ಚಳ ಬಿಗೀಬ್ಯಾಡ ಕಣ್ಲಾ,” ಎಂದಿದ್ದಳು. ಮೇಷ್ಟ್ರಲ್ಲವೇ ನಾನು, ಬಿಗಿದೆ.

ಕಂಡಕ್ಟರು ಬಂದೇಬಿಟ್ಟ. “ಸಾರ್, ನಿಮ್ ಬ್ಯಾಗಿಂದ್ಲೇ ಬತ್ತಾ ಅದಲ್ಲ? ಏನ್ ಸಾರ್ ಇದು, ಯಾರು ಮಾಡದ್ದು?”

ಬಸ್ಸೆಲ್ಲ ನನ್ನ ಕಡೆ ತಿರುಗಿತು. ಗೆಟ್ಟವಾಡಿಯ ಅತ್ತೆ ಮಾಡಿದ್ದು ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ನಾನು ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಎದ್ದು ನಿಂತೆ.

“ನಾನೇ ಮಾಡ್ದುದು ಕಣಪ್ಪ,” ಎಂದೆ.